ಹಳೆಯ ಡಬಲ್ ಶಾಕ್ ಅಬ್ಸಾರ್ಬರ್ ಸೈಕಲ್ಲಿಗೆ ಒಂದೇ ಗೇರ್ ಸಾಕು ಅನ್ನಿಸಿದೆ, ಮಾಡಬಹುದಾ?

ಸೋಗೆಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮನೆಯಲ್ಲಿ ಅಣ್ಣನ ಹಳೆಯ ಸೈಕಲ್ ಇದೆ. 26 ಇಂಚಿನ ಚಕ್ರ, ಹಿಂದೆ ಮುಂದೆ ಎರಡೂ ಕಡೆ ಶಾಕ್ ಅಬ್ಸಾರ್ಬರ್, 21 ಗೇರ್. 2010ರಲ್ಲಿ ಅವನು ಡಿಪ್ಲೊಮಾ ಓದುವಾಗ ಅಪ್ಪ ಅಡಿಕೆ ಮಾರಿದ ದುಡ್ಡಿನಲ್ಲಿ ಕೊಡಿಸಿದ್ದು. ಅವನು ಕೆಲಸ ಸಿಕ್ಕಿ ಹೊರಗೆ ಹೋದ ಮೇಲೆ ಸೈಕಲ್ ಕೊಟ್ಟಿಗೆಯ ಮೂಲೆಯಲ್ಲಿ ಆರು ವರ್ಷ ನಿಂತೇ ಇತ್ತು. ಹೋದ ವರ್ಷದಿಂದ ನಾನು ಓಡಿಸುತ್ತಿದ್ದೇನೆ. ಮನೆಯಿಂದ ಟಾರು ರಸ್ತೆಗೆ 3 ಕಿಲೋಮೀಟರ್ ಜಂಬಿಟ್ಟಿಗೆ ಮಣ್ಣಿನ ದಾರಿ, ಅಲ್ಲಿಂದ ಪೇಟೆಗೆ 6.

ತೊಂದರೆ ಇರುವುದು ಗೇರಿನದ್ದು. ಮಳೆಗಾಲದಲ್ಲಿ ಕೆಂಪು ಮಣ್ಣು ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಭಾಗ) ಒಳಗೆ ತುಂಬಿಕೊಳ್ಳುತ್ತದೆ, ಕೇಬಲ್ ಒಳಗೆ ನೀರು ಹೋಗಿ ತುಕ್ಕು ಹಿಡಿಯುತ್ತದೆ, ಆಮೇಲೆ ಗೇರ್ ಒತ್ತಿದರೆ ಅದು ಬೀಳುವುದು ಹತ್ತು ಮಾರು ಮುಂದೆ ಹೋದ ಮೇಲೆ, ಅದೂ ಬೇಡದ ಗೇರಿಗೆ. ಕಳೆದ ತಿಂಗಳು ತೋಟದ ದಾರಿಯಲ್ಲಿ ಸೋಗೆಯ ಗರಿಯೊಂದು ಡಿರೇಲರಿಗೆ ಸುತ್ತಿಕೊಂಡು, ಅದನ್ನು ಫ್ರೇಮಿಗೆ ಹಿಡಿಸುವ ಹ್ಯಾಂಗರ್ ಒಳಗೆ ಬಗ್ಗಿತು. ಕಡ್ಡಿಗೆ ತಾಗುವುದೊಂದು ಬಾಕಿ. ನಿಜ ಹೇಳಬೇಕೆಂದರೆ ನಾನು ಬಳಸುವುದು ಎರಡೇ ಗೇರು. ಉಳಿದ ಹತ್ತೊಂಬತ್ತು ಸುಮ್ನೆ ಇವೆ.

ಎಲ್ಲ ಕಿತ್ತು ಹಾಕಿ ಒಂದೇ ಗೇರ್ ಮಾಡೋಣ ಅಂತ ಮನಸ್ಸು. ಪೇಟೆಯ ಒಂದು ಅಂಗಡಿಯಲ್ಲಿ ಕೇಳಿದೆ. ಡಿರೇಲರ್ ತೆಗೆದು, ಚೈನ್ ಕತ್ತರಿಸಿ ಬಿಗಿಯಾಗಿ ಹಾಕಿ ಕೊಟ್ಟರು. ಅಂಗಡಿಯಿಂದ ಹೊರಟು ಮೊದಲನೇ ಹಂಪ್ ಹಾರಿಸಿದ್ದೇ ತಡ, ಠಣ್ ಅಂತ ಸದ್ದಾಗಿ ಚೈನ್ ತುಂಡಾಯಿತು. ಯಾಕೆ ಹೀಗಾಯಿತು ಅಂತ ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಹೊಸ ಸೈಕಲ್ ತಗೊಳ್ಳಿ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಇದನ್ನೇ ಓಡಿಸಬೇಕು ಅಂತ ಆಸೆ.

ಚೈನ್‌ಲಿಂಕು:

ಚೈನ್ ಯಾಕೆ ತುಂಡಾಯಿತು ಅಂತ ಮೊದಲು ನೋಡೋಣ. ಉಳಿದ ಎಲ್ಲ ಕೆಲಸ ಅದರ ಮೇಲೆಯೇ ನಿಂತಿದೆ.

ಹಿಂದೆ ಶಾಕ್ ಇಲ್ಲದ ಸೈಕಲ್ಲಿನಲ್ಲಿ ಪೆಡಲಿನ ಅಚ್ಚಿಗೂ ಹಿಂದಿನ ಚಕ್ರದ ಅಚ್ಚಿಗೂ ಇರುವ ದೂರ ಯಾವಾಗಲೂ ಒಂದೇ. ನಿಮ್ಮ ಸೈಕಲ್ಲಿನಲ್ಲಿ ಹಾಗಲ್ಲ. ಶಾಕ್ ಒತ್ತಿದಾಗ ಹಿಂದಿನ ಚಕ್ರ ಮೇಲೆ ಬರುತ್ತದೆ, ಅದು ತಿರುಗುವುದು ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ಫ್ರೇಮಿನ ಭಾಗದ) ಕೀಲಿನ ಸುತ್ತ, ಪೆಡಲ್ ಅಚ್ಚಿನ ಸುತ್ತ ಅಲ್ಲ. ಕೀಲು ಪೆಡಲ್ ಅಚ್ಚಿಗಿಂತ ಮೇಲೆ, ಸ್ವಲ್ಪ ಮುಂದೆ ಇದ್ದರೆ ಚಕ್ರ ಮೇಲೆ ಬಂದ ಹಾಗೆ ಹಿಂದಕ್ಕೂ ಹೋಗುತ್ತದೆ. ದೂರ ಜಾಸ್ತಿ ಆಗುತ್ತದೆ. ಚೈನು ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು ಓಡುತ್ತದಲ್ಲ, ಹಾಗಾಗಿ ಅಚ್ಚು 8 ಮಿಲಿಮೀಟರ್ ಹಿಂದೆ ಹೋದರೆ ಚೈನಿಗೆ ಬೇಕಾಗುವುದು ಹೆಚ್ಚುಕಡಿಮೆ 16. ಒಂದು ಕೊಂಡಿಯ ಪಿನ್ನಿನಿಂದ ಪಿನ್ನಿಗೆ ಅಳತೆ 12.7 ಮಿಲಿಮೀಟರ್, ಅಂದರೆ ಒಂದು ಕೊಂಡಿಗಿಂತ ಜಾಸ್ತಿ ಚೈನು ಎಲ್ಲಿಂದಲಾದರೂ ಬರಲೇಬೇಕು. ಗೇರಿದ್ದಾಗ ಡಿರೇಲರಿನ ಸ್ಪ್ರಿಂಗ್ ಅದನ್ನು ಬಿಟ್ಟುಕೊಡುತ್ತಿತ್ತು. ಅಂಗಡಿಯವರು ಅದನ್ನೇ ತೆಗೆದರು. ಚೈನಿಗೆ ಬೇರೆ ದಾರಿ ಇರಲಿಲ್ಲ.

ಆದ್ದರಿಂದ ಯಾವ ಸಾಮಾನೂ ಕೊಳ್ಳುವ ಮೊದಲು ಅಳತೆ ತೆಗೆಯಿರಿ. ಹಿಂದಿನ ಶಾಕಿನ ಎರಡು ಬೋಲ್ಟ್ ಬಿಚ್ಚಿ ಶಾಕ್ ಪೂರ್ತಿ ಹೊರಗೆ ತೆಗೆಯಿರಿ. ಅದರ ಕಣ್ಣಿನಿಂದ ಕಣ್ಣಿಗೆ ಎಷ್ಟಿದೆ ನೋಡಿ. ಸ್ಪ್ರಿಂಗಿನ ಮಧ್ಯೆ ಕಾಣುವ ಹೊಳೆಯುವ ರಾಡು ರಬ್ಬರಿಗೆ ತಾಗುವ ತನಕ ಎಷ್ಟು ಒಳಗೆ ಹೋಗಬಹುದು ಅದನ್ನೂ ಅಳೆಯಿರಿ. ಈಗ ಸ್ವಿಂಗ್ ಆರ್ಮನ್ನು ಕೈಯಲ್ಲಿ ಎತ್ತಿ ಮೂರು ಕಡೆ ನಿಲ್ಲಿಸಿ: ಪೂರ್ತಿ ಕೆಳಗೆ, ನಡುವೆ, ಶಾಕ್ ಪೂರ್ತಿ ಒತ್ತಿದಾಗ ಇರುವಷ್ಟು ಮೇಲೆ. ಪ್ರತಿ ಸಲ ಪೆಡಲ್ ಅಚ್ಚಿನ ನಡುವಿನಿಂದ ಚಕ್ರದ ಅಚ್ಚಿನ ನಡುವಿಗೆ ಟೇಪ್ ಹಿಡಿಯಿರಿ. ನಡುವಿನ ಅಳತೆ ಬಿಡಬೇಡಿ. ಕೆಲವು ಫ್ರೇಮಿನಲ್ಲಿ ದೂರ ಮೊದಲು ಹೆಚ್ಚಿ ಆಮೇಲೆ ಕಡಿಮೆ ಆಗುತ್ತದೆ, ಎರಡು ತುದಿ ಮಾತ್ರ ನೋಡಿದರೆ ಮೋಸ ಹೋಗುತ್ತೀರಿ.

ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬಂದರೂ ಸ್ಪ್ರಿಂಗ್ ಇರುವ ಟೆನ್ಷನರ್, ಅಂದರೆ ಚೈನನ್ನು ಬಿಗಿಯಾಗಿ ಹಿಡಿಯುವ ಭಾಗ, ಬೇಕೇ ಬೇಕು. ಬೋಲ್ಟ್ ಬಿಗಿದು ಒಂದೇ ಕಡೆ ನಿಲ್ಲಿಸುವ ಗಾಲಿಯದ್ದು ಇಲ್ಲಿ ಆಗುವುದಿಲ್ಲ. ಒಳ್ಳೆ ಸುದ್ದಿ ಅಂದರೆ ಆ ಟೆನ್ಷನರ್ ನಿಮ್ಮ ಹತ್ತಿರ ಈಗಾಗಲೇ ಇದೆ, ನಿಮ್ಮ ಹಳೆಯ ಡಿರೇಲರೇ ಅದು. ಬಿಸಾಡಿಲ್ಲ ತಾನೆ?

ಹುಬ್ಬಳ್ಳಿ ಕಡ್ಡಿ:

ಮೇಲಿನವರು ಹೇಳಿದ್ದು ಸರಿ. ನಾನು ಚಕ್ರದ ಕಡೆಯ ಮಾತು ಹೇಳುತ್ತೇನೆ. ಅಪ್ಪನದು ಸೈಕಲ್ ಅಂಗಡಿ ಇತ್ತು, ಕಡ್ಡಿ ಕಟ್ಟುತ್ತಲೇ ಬೆಳೆದವನು ನಾನು.

ಮೊದಲು ದುಡ್ಡಿಲ್ಲದ ದಾರಿ. ಹಿಂದಿನ ಏಳು ಹಲ್ಲುಚಕ್ರದ ಫ್ರೀವೀಲ್ ಹಾಗೇ ಇರಲಿ. ಚೈನನ್ನು ಮುಂದೆ ಪೆಡಲಿನ ಹತ್ತಿರ ನಡುವಿನ ಹಲ್ಲುಚಕ್ರಕ್ಕೆ, ಹಿಂದೆ ನಡುವಿನ ಒಂದಕ್ಕೆ ಹಾಕಿ, ಡಿರೇಲರ್ ಅಲ್ಲೇ ನಿಲ್ಲಿಸಿ. ನಿಲ್ಲಿಸುವುದು ಹೇಗೆ ಅಂದರೆ ಹಳೆಯ ಗೇರ್ ಕೇಬಲ್ಲಿನ ತಲೆ ಇರುವ ತುದಿಯಿಂದ ಒಂದು ಗೇಣು ಕತ್ತರಿಸಿ. ಆ ತಲೆ ಡಿರೇಲರಿನ ಹಿಂದಿರುವ ತಿರುಗಿಸುವ ಬುಡ್ಡೆಯಲ್ಲಿ ಕೂರುತ್ತದೆ. ಇನ್ನೊಂದು ತುದಿ ಎಳೆದು ಬೋಲ್ಟಿಗೆ ಬಿಗಿಯಿರಿ. ಆಮೇಲೆ ಬುಡ್ಡೆ ತಿರುಗಿಸಿದರೆ ಕೂದಲೆಳೆಯಷ್ಟು ಆಚೀಚೆ ಸರಿಸಬಹುದು. ಡಿರೇಲರ್ ಹೊರಗಡೆ ಎಲ್ಲಿ ತನಕ ಹೋಗಬೇಕು ಅಂತ ತಡೆಯುವ ಎಚ್ ಸ್ಕ್ರೂ ಒಂದನ್ನೇ ನಂಬಿದರೆ ಸಾಮಾನ್ಯವಾಗಿ ನಡುವಿನ ತನಕ ಮುಟ್ಟುವುದಿಲ್ಲ.

ಹೀಗೆ ಒಂದು ವಾರ ಓಡಿಸಿ. ಯಾವ ಹಲ್ಲು ನಿಮಗೆ ಸರಿ ಅಂತ ಇದರಲ್ಲೇ ಗೊತ್ತಾಗುತ್ತದೆ. 21 ಗೇರಿನ ಸೈಕಲ್ಲಿನಲ್ಲಿ ಮುಂದೆ 42-34-24 ಹಲ್ಲು, ಹಿಂದೆ 14ರಿಂದ 28 ತುಂಬಾ ಸಾಮಾನ್ಯ. ನಿಮ್ಮದೂ ಹಾಗೇ ಇದ್ದರೆ 34ಕ್ಕೆ 16 ಹಾಕಿದಾಗ ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ ಸುಮಾರು 21 ಕಿಲೋಮೀಟರ್ ಓಡುತ್ತದೆ, 18ಕ್ಕೆ ಸುಮಾರು 19, 20ಕ್ಕೆ ಸುಮಾರು 17. ನಮ್ಮ ಬಯಲು ಸೀಮೆಗೆ 16 ಆಗುತ್ತದೆ. ನಿಮ್ಮ ಮಲೆನಾಡಿನ ಏರಿಗೆ 20ರ ಹತ್ತಿರ ನೋಡಿ.

ಇದರ ಒಂದು ಕೊರತೆ ಹೇಳಿಬಿಡುತ್ತೇನೆ. ಗೇರಿನ ಫ್ರೀವೀಲಿನ ಹಲ್ಲುಗಳನ್ನು ಮಾಡಿರುವುದೇ ಚೈನು ಸುಲಭವಾಗಿ ಪಕ್ಕಕ್ಕೆ ದಾಟಲಿ ಅಂತ. ಕೆಲವು ಹಲ್ಲು ಗಿಡ್ಡ, ಕೆಲವು ಓರೆ. ಕಲ್ಲು ದಾರಿಯಲ್ಲಿ ಅದು ಕೇಳದೆಯೇ ದಾಟುತ್ತದೆ. ಹಾಗಾಗಿ ಪಕ್ಕಾ ಮಾಡುವಾಗ ಒಂಟಿ ಫ್ರೀವೀಲ್ ಹಾಕುವುದು ಒಳ್ಳೆಯದು, ಅದರ ಹಲ್ಲು ಎಲ್ಲ ಎತ್ತರ, ಎಲ್ಲ ನೇರ.

ಹಳೆಯ ಫ್ರೀವೀಲ್ ಬಿಚ್ಚುವುದೇ ಗಟ್ಟಿ ಕೆಲಸ. ವರ್ಷಗಟ್ಟಲೆ ತುಳಿದು ತುಳಿದು ಬಿಗಿಯಾಗಿರುತ್ತದೆ. ಸುತ್ತಿಗೆ, ಉಳಿ ಮುಟ್ಟಲೇಬೇಡಿ. ಒಳಗಿನ ಗೀರಿಗೆ ಸರಿಯಾಗಿ ಕೂರುವ ರಿಮೂವರ್ ತನ್ನಿ, ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ರಿಮೂವರ್ ಜಾರದ ಹಾಗೆ ಮೇಲಿಂದ ಅಚ್ಚಿನ ನಟ್ಟು ಹಗುರವಾಗಿ ಹಾಕಿ. ರಿಮೂವರನ್ನು ವೈಸಿಗೆ ಕಚ್ಚಿಸಿ, ಚಕ್ರವನ್ನೇ ಬಸ್ಸಿನ ಸ್ಟೇರಿಂಗ್ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ತಿರುಗಿಸಿ. ಟಕ್ ಅಂತ ಬಿಡುತ್ತದೆ. ಬಿಟ್ಟ ತಕ್ಷಣ ನಟ್ಟು ತೆಗೆದು ಆಮೇಲೆ ಪೂರ್ತಿ ಬಿಚ್ಚಿ, ಇಲ್ಲದಿದ್ದರೆ ನಟ್ಟಿನ ಮರೆ ಹೋಗುತ್ತದೆ.

ಒಂಟಿ ಫ್ರೀವೀಲ್ ಹಾಕಿದ ಮೇಲೆ ಅದು ಕಡ್ಡಿಯ ಹತ್ತಿರ, ತುಂಬಾ ಒಳಗೆ ಕೂರುತ್ತದೆ. ಮುಂದಿನ ನಡುವಿನ ಹಲ್ಲುಚಕ್ರಕ್ಕೆ ನೇರ ಬರುವುದಿಲ್ಲ. ಉದ್ದದ ಸ್ಟೀಲ್ ಪಟ್ಟಿಯನ್ನು ಮುಂದಿನ ಹಲ್ಲುಚಕ್ರದ ಪಕ್ಕಕ್ಕೆ ಒತ್ತಿ ಹಿಡಿದರೆ ಹಿಂದೆ ಎಷ್ಟು ತಪ್ಪಿದೆ ಕಾಣುತ್ತದೆ. ಆಗ ಅಚ್ಚಿನ ಬಲಗಡೆಯ ವಾಷರ್ ಎಡಗಡೆಗೆ ಹಾಕಿ, ಹಬ್ ಬಲಕ್ಕೆ ಸರಿಯುತ್ತದೆ. ಜೊತೆಗೆ ರಿಮ್ಮೂ ಬಲಕ್ಕೆ ಬರುತ್ತದೆ, ಅದನ್ನು ಎಡಗಡೆ ಕಡ್ಡಿ ಬಿಗಿ ಮಾಡಿ ಬಲಗಡೆ ಸಡಿಲ ಮಾಡಿ ನಡುವಿಗೆ ತನ್ನಿ. ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ತಿರುಗಿಸಬೇಡಿ. ಈ ಕೆಲಸಕ್ಕೆ ಅರ್ಧ ದಿನ ಹೋಗುತ್ತದೆ. ಆದರೆ ಎರಡೂ ಕಡೆ ಕಡ್ಡಿಯ ಬಿಗಿ ಸಮಕ್ಕೆ ಬರುವುದರಿಂದ ಚಕ್ರ ಮೊದಲಿಗಿಂತ ಗಟ್ಟಿ ಆಗುತ್ತದೆ. ನನಗೆ ಈ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾಗುವುದು ಅದೇ.

ಇನ್ನೊಂದು. ಸಾದಾ ಸೈಕಲ್ಲಿನ ಫ್ರೀವೀಲ್ ಅಗಲ 1/8 ಇಂಚು. ಗೇರ್ ಸೈಕಲ್ಲಿನ ಚೈನು 3/32, ಅದು 1/8ರ ಹಲ್ಲಿಗೆ ಕೂರುವುದೇ ಇಲ್ಲ. ಅಂಗಡಿಗೆ ಹೋಗುವಾಗ ನಿಮ್ಮ ಚೈನಿನ ತುಂಡು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಲ್ಲೇ ಹಲ್ಲಿನ ಮೇಲಿಟ್ಟು ನೋಡಿ.

ಸೋಗೆಮನೆ:

ಇಬ್ಬರಿಗೂ ತುಂಬಾ ಧನ್ಯವಾದ. ಡಿರೇಲರ್ ಬಿಸಾಡಿಲ್ಲ, ಚೀಲದಲ್ಲೇ ಇತ್ತು.

ಇವತ್ತು ಭಾನುವಾರ, ಅಳತೆ ತೆಗೆದೆ. ಶಾಕ್ ಕಣ್ಣಿನಿಂದ ಕಣ್ಣಿಗೆ 165 ಮಿಲಿಮೀಟರ್. ರಾಡು ಒಳಗೆ ಹೋಗುವುದು 35. ಹಾಗಾಗಿ 130 ಮಿಲಿಮೀಟರಿಗೆ ಅಡಿಕೆ ದಬ್ಬೆಯ ತುಂಡೊಂದು ಕತ್ತರಿಸಿ, ಎರಡು ತುದಿಗೂ ತೂತು ಕೊರೆದು ಶಾಕಿನ ಜಾಗದಲ್ಲಿ ಬೋಲ್ಟ್ ಹಾಕಿ ನಿಲ್ಲಿಸಿದೆ. ನಡುವಿನ ಅಳತೆಗೆ ಇನ್ನೊಂದು ತುಂಡು. ಕೈಯಲ್ಲಿ ಹಿಡಿದರೆ ಟೇಪ್ ಅಲ್ಲಾಡುತ್ತಿತ್ತು, ಇದರಿಂದ ಸುಲಭ ಆಯಿತು. ಕೆಳಗೆ ಇದ್ದಾಗ 421, ನಡುವೆ 426, ಪೂರ್ತಿ ಮೇಲೆ 430. ಅಂದರೆ 9 ಮಿಲಿಮೀಟರ್. ಚೈನು ತುಂಡಾಗಿದ್ದು ಯಾಕೆ ಅಂತ ಈಗ ಕಣ್ಣಿಗೇ ಕಂಡಿತು.

ಮುಂದಿನ ಹಲ್ಲುಚಕ್ರ 42-34-24, ಸರಿಯಾಗಿ ಹೇಳಿದಿರಿ. ಮೂರೂ ಸೇರಿಸಿ ರಿವೆಟ್ ಹೊಡೆದಿದ್ದಾರೆ, ಬಿಚ್ಚಲು ಬರುವುದಿಲ್ಲ.

ಹೊಸ ಚಿಂತೆ ಒಂದು. ಶಾಕ್ ಇಲ್ಲದಾಗ ಸ್ವಿಂಗ್ ಆರ್ಮ್ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದರೆ ಕಟಕಟ ಅನ್ನುತ್ತದೆ. ಚಕ್ರದ ಹತ್ತಿರ ಹೆಬ್ಬೆರಳ ಉಗುರಿನ ಅರ್ಧದಷ್ಟು ಆಡುತ್ತದೆ. ಇದು ಪರವಾಗಿಲ್ಲವಾ?

ತುರಹಳ್ಳಿ ಬಂಡೆ:

ಪರವಾಗಿಲ್ಲ ಅನ್ನಬೇಡಿ ಅಣ್ಣಾ, ಅದನ್ನೇ ಮೊದಲು ಸರಿ ಮಾಡಿಸಿ. ಒಂದೇ ಗೇರಿನಲ್ಲಿ ಏರು ಹತ್ತುವಾಗ ಎದ್ದು ನಿಂತು ಪೂರ್ತಿ ಭಾರ ಹಾಕಿ ತುಳಿಯುತ್ತೀರಿ. ಕೀಲಿನಲ್ಲಿ ಆಟ ಇದ್ದರೆ ಪ್ರತಿ ತುಳಿತಕ್ಕೂ ಹಿಂದಿನ ಚಕ್ರ ಓರೆಯಾಗುತ್ತದೆ, ಚೈನಿನ ನೇರ ತಪ್ಪುತ್ತದೆ, ಅದು ಬೀಳುವುದು ನೀವು ಜೋರಾಗಿ ತುಳಿಯುವ ಹೊತ್ತಿನಲ್ಲೇ. ನನಗೆ ಹಾಗೆ ಒಂದು ಸಲ ಆಗಿ ಮೊಣಕಾಲು ಹ್ಯಾಂಡಲ್ಲಿಗೆ ಬಡಿದಿತ್ತು.

ನಾನೂ ಇಂಥದ್ದೇ ಸೈಕಲ್ ಒಂದೇ ಗೇರ್ ಮಾಡಿ ಬೆಂಗಳೂರಿನ ತುರಹಳ್ಳಿ ಕಾಡಿನ ಬಂಡೆಗಳ ಮೇಲೆ ಎರಡು ವರ್ಷ ಓಡಿಸಿದೆ. ಅಲ್ಲಿ ಕಲಿತ ಎರಡು ಮಾತು ಹೇಳಬೇಕು.

ಒಂದು, ಶಾಕ್ ತೆಗೆದು ಆ ಜಾಗಕ್ಕೆ ಕಬ್ಬಿಣದ ಪಟ್ಟಿ ಹಾಕಿದರೆ ಚೈನಿನ ತೊಂದರೆಯೇ ಇರುವುದಿಲ್ಲ ಅಂತ ಯಾರಾದರೂ ಹೇಳುತ್ತಾರೆ. ನಾನು ಹಾಕಿದ್ದೆ. ಮೂರು ತಿಂಗಳು ತುಂಬಾ ಚೆನ್ನಾಗಿತ್ತು, ಏರಿನಲ್ಲಿ ಹಾರಿಕೊಂಡು ಹೋಗುತ್ತಿತ್ತು. ಆಮೇಲೆ ಒಂದು ದಿನ ಸೈಕಲ್ ತೊಳೆಯುವಾಗ ನೋಡಿದರೆ ಫ್ರೇಮಿನಲ್ಲಿ ಶಾಕ್ ಹಿಡಿಯುವ ಕಿವಿಯ ವೆಲ್ಡಿಂಗ್ ಪಕ್ಕ ಕೂದಲಿನಷ್ಟು ಸಣ್ಣ ಗೆರೆ. ಬೆರಳಿನಲ್ಲಿ ಒರೆಸಿದರೆ ಹೋಗಲಿಲ್ಲ, ಒಳಗೆ ತುಕ್ಕಿನ ಬಣ್ಣ. ಬಿರುಕು ಬಿಟ್ಟಿತ್ತು. ಸ್ಪ್ರಿಂಗ್ ತಿನ್ನಬೇಕಾದ ಏಟು ಎಲ್ಲ ಆ ಒಂದು ಕಿವಿಗೆ ಬಿದ್ದಿತ್ತು. ಇಳಿಜಾರಿನಲ್ಲಿ ಮುರಿದಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ದಯವಿಟ್ಟು ಹಾಕಬೇಡಿ.

ಎರಡು, ಎದ್ದು ನಿಂತು ತುಳಿದಾಗ ಹಿಂಭಾಗ ಕುಣಿಯುತ್ತದೆ. ಅದು ಪೂರ್ತಿ ಹೋಗುವುದಿಲ್ಲ, ಕಡಿಮೆ ಮಾಡಬಹುದು. ಸ್ಪ್ರಿಂಗಿನ ಮೇಲೆ 750 ಅಥವಾ ಅಂಥದ್ದೊಂದು ಸಂಖ್ಯೆ ಅಚ್ಚಾಗಿದ್ದರೆ ನೋಡಿ, ಅದು ಸ್ಪ್ರಿಂಗಿನ ಬಿರುಸು. ಅದಕ್ಕಿಂತ ದೊಡ್ಡ ಸಂಖ್ಯೆಯದ್ದು, ಅದೇ ಉದ್ದದ್ದು ಹಾಕಿದರೆ ಕುಣಿತ ಇಳಿಯುತ್ತದೆ. ಸುತ್ತಲಿನ ಬಳೆ ತಿರುಗಿಸಿ ಬಿಗಿ ಮಾಡಿದರೆ ಸ್ಪ್ರಿಂಗ್ ಗಟ್ಟಿ ಆಯಿತು ಅಂತ ತುಂಬಾ ಜನ ತಿಳಿದಿದ್ದಾರೆ. ಅದು ಹಾಗಲ್ಲ. ನೀವು ಕೂತಾಗ ಸೈಕಲ್ ಎಷ್ಟು ಕುಸಿಯುತ್ತದೆ ಅನ್ನುವುದು ಮಾತ್ರ ಬದಲಾಗುತ್ತದೆ, ಬಿರುಸು ಅಷ್ಟೇ ಇರುತ್ತದೆ. ಆಮೇಲೆ ಅಭ್ಯಾಸವೂ ಬೇಕು. ಏರಿನ ಬುಡದಲ್ಲೇ ವೇಗ ಹಿಡಿದು, ಆದಷ್ಟು ಕೂತೇ ತುಳಿದು, ಕೊನೆಗೆ ಮಾತ್ರ ಎದ್ದು ನಿಲ್ಲುವುದು ನನಗೆ ರೂಢಿ ಆಯಿತು.

ರಿವೆಟ್ ಹೊಡೆದ ಮೂರು ಚಕ್ರ ಹಾಗೇ ಇರಲಿ. ನಡುವಿನದರಲ್ಲಿ ಚೈನು ಓಡಿದರೆ ಆಚೆ 42 ಒಂದು ಗೋಡೆ, ಈಚೆ ಮುಂದಿನ ಡಿರೇಲರ್ ಇನ್ನೊಂದು ಗೋಡೆ. ಮುಂದಿನ ಡಿರೇಲರ್ ಕೀಳಬೇಡಿ, ಕೇಬಲ್ ತೆಗೆದು ಎರಡೂ ಸ್ಕ್ರೂ ತಿರುಗಿಸಿ ನಡುವಿನ ಚಕ್ರದ ಮೇಲೆ ನಿಲ್ಲಿಸಿ. ಚೈನು ಹಾರದ ಹಾಗೆ ಅದು ಕಾಯುತ್ತದೆ.

ದೂರದ ಪೆಡಲ್:

ನಾನು ಸಾಗರದವನು, ಈಗ ಅಮೆರಿಕದ ಕೊಲರಾಡೊದಲ್ಲಿದ್ದೇನೆ. ಸೋಗೆ, ದಬ್ಬೆ ಅಂತ ಓದಿ ತುಂಬಾ ಖುಷಿ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ನಾನು 90ರ ದಶಕದ ಟ್ರೆಕ್ ವೈ 22 ಒಂದನ್ನು ಹಳೆ ಸಾಮಾನಿನ ಸಂತೆಯಲ್ಲಿ ಕೊಂಡು ಒಂದೇ ಗೇರ್ ಮಾಡಿದ್ದೇನೆ. ಆ ಫ್ರೇಮಿನಲ್ಲಿ ಪೆಡಲ್ ಅಚ್ಚು ಮುಂದಿನ ಭಾಗದಲ್ಲಿಲ್ಲ, ಹಿಂದಿನ ಸ್ವಿಂಗ್ ಆರ್ಮಿನಲ್ಲೇ ಇದೆ. ಹಾಗಾಗಿ ಶಾಕ್ ಎಷ್ಟೇ ಒತ್ತಿದರೂ ಎರಡು ಅಚ್ಚಿನ ದೂರ ಬದಲಾಗುವುದೇ ಇಲ್ಲ. ಎದ್ದು ನಿಂತರೆ ನಮ್ಮ ಭಾರ ಪೆಡಲಿನ ಮೂಲಕ ನೇರ ಸ್ವಿಂಗ್ ಆರ್ಮಿಗೆ ಬೀಳುವುದರಿಂದ ಹಿಂಭಾಗ ಬಿಗಿಯಾಗುತ್ತದೆ, ಕುಣಿತ ಕಡಿಮೆ. ಇಳಿಜಾರಿನಲ್ಲಿ ನಿಂತು ಬರುವವರಿಗೆ ಅದು ದೊಡ್ಡ ಕೊರತೆ ಅನ್ನಿಸಿ ಆ ವಿನ್ಯಾಸ ಮುಂದೆ ಮೂಲೆಗೆ ಹೋಯಿತು, ಆದರೆ ಒಂದೇ ಗೇರಿಗೆ ಅದೇ ಕೊರತೆ ಅನುಕೂಲ.

ಇದನ್ನು ಓದುವ ಬೇರೆಯವರು ತಮ್ಮ ಹಳೆಯ ಸೈಕಲ್ಲನ್ನು ಒಮ್ಮೆ ಬಗ್ಗಿ ನೋಡಿ. ಪೆಡಲ್ ಅಚ್ಚು ಸ್ವಿಂಗ್ ಆರ್ಮಿನಲ್ಲಿದ್ದರೆ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ. ಚಕ್ರ ಹಿಂದೆ ಎಳೆಯಲು ಸೀಳು ಇಲ್ಲದಿದ್ದರೆ ಮಾತ್ರ ಚಿಕ್ಕ ಟೆನ್ಷನರ್ ಬೇಕು, ಚೈನು ಸವೆದ ಹಾಗೆ ಸಡಿಲ ಆಗುತ್ತದಲ್ಲ.

ಚೈನ್‌ಲಿಂಕು:

ಸೋಗೆಮನೆ ಅವರೇ, ಕೀಲಿನ ಬುಶ್, ಅಂದರೆ ಪಿನ್ನಿನ ಸುತ್ತ ಕೂರುವ ಕೊಳವೆ, ಸಾಮಾನ್ಯವಾಗಿ ನೈಲಾನಿನದ್ದು ಇರುತ್ತದೆ, ಸವೆದಿರುತ್ತದೆ. ಕಂಪನಿಯದ್ದು ಹುಡುಕುತ್ತಾ ಕೂರಬೇಡಿ. ಹಳೆಯ ಬುಶ್, ಅದರ ಪಿನ್ನು, ಸ್ವಿಂಗ್ ಆರ್ಮ್ ಮೂರನ್ನೂ ಲೇತ್ ಅಂಗಡಿಗೆ ಒಯ್ದು ಗನ್ ಮೆಟಲ್ ಬುಶ್ ಮಾಡಿಸಿ. ಬುಶ್ ಮಾತ್ರ ಕೊಟ್ಟರೆ ಸವೆದ ಅಳತೆಗೇ ಮಾಡಿಕೊಡುತ್ತಾರೆ, ಪಿನ್ನು ಕೈಯಲ್ಲಿ ಇರಲೇಬೇಕು.

ಚೈನಿನ ಉದ್ದ ಅಳೆಯುವಾಗ 130 ಮಿಲಿಮೀಟರಿನ ಆ ದಬ್ಬೆ ತುಂಡು ಮತ್ತೆ ಹಾಕಿ. ದೂರ ಅತಿ ಜಾಸ್ತಿ ಇರುವಾಗ, ಅಂದರೆ 430ರಲ್ಲಿ, ಚೈನು ಡಿರೇಲರಿನ ಎರಡು ಗಾಲಿ ಸುತ್ತಿ ಬಂದು ಇನ್ನೂ ಸ್ವಲ್ಪ ಎಳೆಯುವಂತಿರಬೇಕು. ಅಲ್ಲಿಂದ ಒಂದು ಜೋಡಿ ಕೊಂಡಿ ಜಾಸ್ತಿ ಇಟ್ಟು ಕತ್ತರಿಸಿ. ಶಾಕ್ ಹಾಕಿದ ಮೇಲೆ ಡಿರೇಲರ್ ಹಿಂದಕ್ಕೆ ಎಳೆದು ನಿಲ್ಲುತ್ತದೆ. ಹ್ಯಾಂಗರ್ ಬಗ್ಗಿದ್ದು ನೇರ ಆಗಿರಲಿ. ಅಚ್ಚಿನ ನಟ್ಟಿನ ಅಡಿ ಕೂರುವ ಪಟ್ಟಿಯ ನಮೂನೆಯದ್ದಾದರೆ ಹೊಸದೇ ಹಾಕಿ.

ಸೋಗೆಮನೆ:

ಮೂರು ವಾರ ಆಯಿತು, ಏನಾಯಿತು ಅಂತ ಹೇಳುತ್ತೇನೆ.

ಮೊದಲ ವಾರ ಹಳೆಯ ಫ್ರೀವೀಲಿನಲ್ಲೇ 34ಕ್ಕೆ 18 ಹಾಕಿ ಓಡಿಸಿದೆ. ಟಾರು ರಸ್ತೆಯಲ್ಲಿ ತುಂಬಾ ಹಿತ. ಮನೆ ಹತ್ತಿರದ ಧರೆ ಪಕ್ಕದ ಏರು ಮಾತ್ರ ಆಗಲಿಲ್ಲ, ಎರಡು ಸಲ ಇಳಿದು ನೂಕಿದೆ. 20ಕ್ಕೆ ಬದಲಿಸಿದ ಮೇಲೆ ಹತ್ತಿದೆ. ಆದರೆ ಹುಬ್ಬಳ್ಳಿಯವರು ಹೇಳಿದ ಹಾಗೇ ಜಂಬಿಟ್ಟಿಗೆ ಕಲ್ಲಿನ ಮೇಲೆ ಚೈನು ಪಕ್ಕದ ಹಲ್ಲಿಗೆ ದಾಟುತ್ತಿತ್ತು, ದಿನಕ್ಕೆ ಮೂರ್ನಾಲ್ಕು ಸಲ.

ಶಿವಮೊಗ್ಗಕ್ಕೆ ಹೋದಾಗ ಚೈನಿನ ತುಂಡು ಜೇಬಿನಲ್ಲಿತ್ತು. ನಾಲ್ಕನೇ ಅಂಗಡಿಯಲ್ಲಿ 3/32ರ 20 ಹಲ್ಲಿನ ಒಂಟಿ ಫ್ರೀವೀಲ್ ಸಿಕ್ಕಿತು. ಹಳೆಯದನ್ನು ಬಿಚ್ಚಲು ಗ್ಯಾರೇಜಿನ ವೈಸಿನಲ್ಲಿ ನಾನು ಮತ್ತು ಚಿಕ್ಕಪ್ಪನ ಮಗ ಇಬ್ಬರೂ ಚಕ್ರ ಹಿಡಿದು ನೇತಾಡಿದೆವು. ಟಕ್ ಅಂದಾಗ ಚಕ್ರವೇ ಮುರಿಯಿತು ಅಂದುಕೊಂಡೆ. ಕಡ್ಡಿ ಬಿಗಿಯುವ ಕೆಲಸ ಎರಡು ಸಂಜೆ ತೆಗೆದುಕೊಂಡಿತು. ಬ್ರೇಕ್ ರಬ್ಬರನ್ನೇ ಗುರುತಿಗೆ ಇಟ್ಟುಕೊಂಡು ಕಾಲು ಸುತ್ತು, ಕಾಲು ಸುತ್ತು ಅಂತ ಮಾಡಿದೆ. ಈಗ ಎರಡೂ ಕಡೆ ಕಡ್ಡಿ ಮೀಟಿದರೆ ಹೆಚ್ಚುಕಡಿಮೆ ಒಂದೇ ಸ್ವರ ಬರುತ್ತದೆ. ಮೊದಲು ಎಡಗಡೆಯದು ಸತ್ತ ತಂತಿಯ ಹಾಗೆ ಇತ್ತು.

ಲೇತಿನವರು ಬುಶ್ ಎರಡು ದಿನದಲ್ಲಿ ಮಾಡಿಕೊಟ್ಟರು. ಗ್ರೀಸ್ ಹಾಕಿ ಕೂರಿಸಿದೆ. ಕಟಕಟ ಪೂರ್ತಿ ಹೋಯಿತು. ಸ್ಪ್ರಿಂಗ್ ಬದಲಿಸಿಲ್ಲ, ಕುಣಿತ ಇದೆ, ಕೂತೇ ತುಳಿಯುವುದು ಕಲಿಯುತ್ತಿದ್ದೇನೆ. ಟಾರು ರಸ್ತೆಯ ಇಳಿಜಾರಿನಲ್ಲಿ ಕಾಲು ಖಾಲಿ ತಿರುಗುತ್ತದೆ, ಆಗ ಸುಮ್ನೆ ಬಿಟ್ಟುಬಿಡುತ್ತೇನೆ. ಪೇಟೆಗೆ ಮೊದಲಿಗಿಂತ ಎರಡು ಮೂರು ನಿಮಿಷ ಜಾಸ್ತಿ ಆಗಬಹುದು, ಅಷ್ಟೇ.

ಮೊನ್ನೆ ಜೋರು ಮಳೆಯಲ್ಲಿ ಬಂದೆ. ಚೈನಿನ ಮೇಲೆ ಕೆಂಪು ಮಣ್ಣು ಮೆತ್ತಿತ್ತು, ಆದರೂ ಮನೆ ತನಕ ಒಂದು ಸಲವೂ ತಪ್ಪಲಿಲ್ಲ. ಅಂಗಳದಲ್ಲಿ ಕೊಡದಲ್ಲಿ ನೀರು ಹಾಕಿ ತೊಳೆದೆ, ಮುಗಿಯಿತು. ರಾತ್ರಿ ಅಣ್ಣನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ಅವನು ಸೈಕಲ್ಲಿನ ಹಿಂದೆ ಮುಂದೆ ಎಲ್ಲ ತೋರಿಸು ಅಂದ, ದಬ್ಬೆ ತುಂಡನ್ನೂ ತೋರಿಸಿದೆ. ಗೇರ್ ಶಿಫ್ಟರ್ ಎಲ್ಲಿ ಅಂತ ಕೇಳಿದ. ಬಟ್ಟೆ ಸುತ್ತಿ ಅವನ ಟ್ರಂಕಿನಲ್ಲಿ ಇಟ್ಟಿದ್ದೇನೆ ಅಂದೆ.

ಹುಬ್ಬಳ್ಳಿ ಕಡ್ಡಿ:

ಬಹಳ ಖುಷಿ ಆಯಿತು ಓದಿ. ಹೊಸದಾಗಿ ಬಿಗಿದ ಕಡ್ಡಿ ಒಂದು ತಿಂಗಳಲ್ಲಿ ಸ್ವಲ್ಪ ಸಡಿಲ ಬಿಡುತ್ತದೆ, ಇನ್ನೊಮ್ಮೆ ಮೀಟಿ ನೋಡಿ. ಹಾಗೇ ಕೀಲಿನ ಬೋಲ್ಟಿಗೂ ಒಂದು ಸ್ಪ್ಯಾನರ್ ಹಾಕಿ. ಆ ದಬ್ಬೆ ತುಂಡು ಎಸೆಯಬೇಡಿ, ಮುಂದಿನ ಸಲ ಚೈನು ಬದಲಿಸುವಾಗ ಬೇಕಾಗುತ್ತದೆ.